ವೆರಿಬೀಯಲ್ಲಿ ಟ್ಯಾಕ್ಸ್ ಕಡಿಮೆಯಂತೆ

ಜಲಜಾಳ ಗಂಡುಮಕ್ಕಳಿಬ್ಬರೂ ಆಸ್ಟ್ರೇಲಿಯಾದಲ್ಲಿದ್ದರು. ಕಟಪಾಡಿಯ ಮನೆಯಲ್ಲಿ ಕೂತು ಯೋಚಿಸುವಾಗ ಇಬ್ಬರೂ ಒಂದೇ ಕಡೆ ಇದ್ದಾರೆ ಎಂದು ಸಮಾಧಾನವಾಗುತ್ತಿತ್ತು. ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು, ಸಿಡ್ನಿಯ ಗಿರಾವೀನ್‌ನಲ್ಲಿರುವ ಹಿರಿಯವನು ಯಾದವನ ಮನೆಯಿಂದ ಮೆಲ್ಬರ್ನಿನ ವೆರಿಬೀಯಲ್ಲಿರುವ ಕಿರಿಯವನು ರೋಶನ್‌ನ ಮನೆಗೆ ಕಾರಿನಲ್ಲಿ ಒಂಬತ್ತು ಗಂಟೆಗೂ ಹೆಚ್ಚಿನ ದಾರಿ ಎಂದು. ಎರಡು ಊರು ಮಾತ್ರವಲ್ಲ, ಎರಡು ರಾಜ್ಯ.

2017ರ ಜನವರಿಯಲ್ಲಿ ಒಂದು ವರ್ಷದ ವೀಸಾ ಹಿಡಿದು ಬಂದವಳು ಮೇ ತಿಂಗಳಾದರೂ ಗಿರಾವೀನ್‌ನಲ್ಲೇ ಇದ್ದಳು. ಅಲ್ಲಿ ಸೊಸೆ ಭವ್ಯಶ್ರೀ ಇದ್ದಳು, ಹತ್ತು ವರ್ಷದ ಮೊಮ್ಮಗಳು ಚೆನ್ನು ಇದ್ದಳು, ಸಂಜೆ ವಾಕಿಂಗಿಗೆ ಜೊತೆಯಾಗುವ ನಾಲ್ಕು ಹೆಂಗಸರಿದ್ದರು. ರೋಶನ್ ಒಬ್ಬನೇ ಇದ್ದ. ಅವನ ಹೆಂಡತಿ ಪರ್ತ್‌ನಲ್ಲಿ ಕೆಲಸ ಸಿಕ್ಕಿತೆಂದು ಹೋದವಳು ತಿರುಗಿ ಬಂದಿರಲಿಲ್ಲ. ಹೋದ ವರ್ಷ ಡೈವೋರ್ಸ್ ಆಗಿತ್ತು. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅವನ ಹಿಂದೆ ಸೋಫಾದ ಮೇಲೆ ಅದೇ ನೀಲಿ ಕಂಬಳಿ ಮುದ್ದೆಯಾಗಿ ಬಿದ್ದಿರುತ್ತಿತ್ತು. ಎರಡು ರೂಮಿದ್ದರೂ ಹಾಲಿನಲ್ಲೇ ಮಲಗುತ್ತಾನೆ ಎಂದು ಜಲಜಾಳಿಗೆ ಅರ್ಥವಾಗಿತ್ತು. ಕೇಳಲು ಧೈರ್ಯವಾಗಿರಲಿಲ್ಲ.

ಟ್ಯಾಕ್ಸಿನ ಮಾತು ಹುಟ್ಟಿದ್ದು ಒಂದು ಭಾನುವಾರದ ಊಟದ ಹೊತ್ತಿಗೆ. ಪಕ್ಕದ ಬೀದಿಯ ಗೋಪೀನಾಥ ಬಂದಿದ್ದ. ಸಿಡ್ನಿಗೆ ಬರುವ ಮೊದಲು ಆರು ವರ್ಷ ಅಮೆರಿಕದಲ್ಲಿದ್ದವನು. ಯಾದವ ಮನೆಯ ರೆಂಟ್ ಮತ್ತೆ ಏರಿದ್ದನ್ನು ಹೇಳಿಕೊಂಡು, ಈ ಜನ್ಮದಲ್ಲಿ ಸಿಡ್ನಿಯಲ್ಲಿ ಸ್ವಂತ ಮನೆ ಆಗುವುದಿಲ್ಲ ಎಂದು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದ.

"ಮೆಲ್ಬರ್ನಿಗೆ ಹೋಗಿ ಯಾದವ್," ಎಂದ ಗೋಪೀನಾಥ. "ಸ್ಟೇಟ್ ಬದಲಾದ್ರೆ ಟ್ಯಾಕ್ಸ್ ಬದಲಾಗುತ್ತೆ. ನಾನು ನ್ಯೂಜೆರ್ಸಿ ಬಿಟ್ಟು ಟೆಕ್ಸಾಸಿಗೆ ಹೋದಾಗ ಸಂಬಳ ಅದೇ, ಕೈಗೆ ಬರೋದು ತಿಂಗಳಿಗೆ ಇನ್ನೂರೈವತ್ತು ಡಾಲರ್ ಜಾಸ್ತಿ. ಟೆಕ್ಸಾಸಲ್ಲಿ ಸ್ಟೇಟ್ ಇನ್ಕಮ್ ಟ್ಯಾಕ್ಸೇ ಇಲ್ಲ. ಒಂದೊಂದು ಸ್ಟೇಟಿಗೆ ಒಂದೊಂದು ಬ್ರಾಕೆಟ್."

"ಬ್ರಾಕೆಟ್ ಅಂದ್ರೆ ಎಂತ?" ಎಂದಳು ಜಲಜಾ. ಅವಳಿಗೆ ಗೊತ್ತಿದ್ದ ಬ್ರಾಕೆಟ್ ಗೋಡೆಗೆ ಮೊಳೆ ಹೊಡೆದು ಹಲಗೆ ಕೂರಿಸುವಂಥದ್ದು.

"ಮೆಟ್ಟಿಲು ಇದ್ದ ಹಾಗೆ ಆಂಟಿ. ಇಷ್ಟು ಸಂಬಳದವರೆಗೆ ಇಷ್ಟು ಟ್ಯಾಕ್ಸ್, ಅದರ ಮೇಲಿನದಕ್ಕೆ ಇನ್ನೊಂದಿಷ್ಟು."

"ಇಲ್ಲೂ ಸ್ಟೇಟಿಗೆ ಬೇರೆ ಬೇರೆ ಉಂಟಾ?" ಯಾದವ ಕೇಳಿದ.

"ಇರಲೇಬೇಕಲ್ಲ. ಸ್ಟೇಟ್ ಅಂದ ಮೇಲೆ ಅವರಿಗೂ ದುಡ್ಡು ಬೇಡವಾ?"

ಜಲಜಾಳಿಗೆ ಅದು ಸರಿಯೆನಿಸಿತು. ಕಟಪಾಡಿ ಪಂಚಾಯ್ತಿಯಲ್ಲಿ ಮನೆ ತೆರಿಗೆ ಒಂದಾದರೆ ಪಕ್ಕದ ಪಂಚಾಯ್ತಿಯಲ್ಲಿ ಇನ್ನೊಂದು. ಇಷ್ಟು ದೊಡ್ಡ ದೇಶದಲ್ಲಿ ಎಲ್ಲ ಕಡೆ ಒಂದೇ ಇರಲು ಹೇಗೆ ಸಾಧ್ಯ? ಅವಳ ಮನಸ್ಸು ಆಗಲೇ ಆ ನೀಲಿ ಕಂಬಳಿಯ ಕಡೆ ಹೋಗಿತ್ತು.

ಮರುದಿನ ರೋಶನ್ ಫೋನ್ ಮಾಡಿದಾಗ ತಾನಾಗಿಯೇ ಕೇಳಿದಳು. "ನಿಮ್ಮಲ್ಲಿ ಟ್ಯಾಕ್ಸ್ ಕಡಿಮೆಯಾ ಮಗಾ?"

ರೋಶನ್ ಕೋಲ್ಡ್ ಸ್ಟೋರೇಜ್ ಕಂಪನಿಯೊಂದರಲ್ಲಿ ಟ್ರಕ್ ಓಡಿಸುತ್ತಿದ್ದ. ಸ್ವಲ್ಪ ಯೋಚಿಸಿ ಹೇಳಿದ: "ಹೌದಂತೆ ಅಮ್ಮ. ನಮ್ಮ ಬಾಸ್ ಮೊನ್ನೆ ಹೇಳ್ತಾ ಇದ್ದ. ಇಲ್ಲಿ ಪೇರೋಲ್ ಟ್ಯಾಕ್ಸ್ ನಾಲ್ಕು ಪಾಯಿಂಟ್ ಎಂಟು ಐದು ಪರ್ಸೆಂಟ್, ಸಿಡ್ನಿಯಲ್ಲಿ ಐದು ಪಾಯಿಂಟ್ ನಾಲ್ಕು ಐದು. ಅದಕ್ಕೇ ಅವ ಸಿಡ್ನಿಯಲ್ಲಿ ಬ್ರಾಂಚ್ ಮಾಡ್ಲಿಲ್ಲಂತೆ."

"ಪೇರೋಲ್ ಅಂದ್ರೆ?"

"ಸಂಬಳ. ಸಂಬಳದ ಪಟ್ಟಿ."

ಸಂಬಳದ ಟ್ಯಾಕ್ಸ್. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಬೇಕು? ಫೋನ್ ಇಡುವ ಮೊದಲು ರೋಶನ್ ಇನ್ನೊಂದು ಮಾತು ಹೇಳಿದ. ತಮ್ಮ ಕಂಪನಿಗೆ ಒಬ್ಬ ಫ್ರಿಜ್ ಮೆಕ್ಯಾನಿಕ್ ಬೇಕಾಗಿದೆ, ಅಣ್ಣ ಮಾಡುವುದು ಅದೇ ಕೆಲಸವಲ್ಲವೇ, ವರ್ಷಕ್ಕೆ ಎಪ್ಪತ್ತೊಂದು ಸಾವಿರ ಕೊಡುತ್ತಾರಂತೆ.

ಅಂದಿನ ರಾತ್ರಿಯೂಟಕ್ಕೆ ಜಲಜಾ ಇದನ್ನೆಲ್ಲ ಅನ್ನದ ಜೊತೆಗೇ ಬಡಿಸಿದಳು.

"ನಂಗೆ ಇಲ್ಲಿ ಎಪ್ಪತ್ತೆಂಟು ಉಂಟು ಅಮ್ಮ," ಎಂದ ಯಾದವ.

"ಟ್ಯಾಕ್ಸ್ ಕಡಿಮೆ ಅಲ್ವಾ ಅಲ್ಲಿ? ಕೈಗೆ ಬರುದು ಸಮ ಆಗ್ತದೆ."

ಯಾದವ ಎಡಗೈಯಲ್ಲಿ ಫೋನ್ ಹಿಡಿದು ಹುಡುಕಿದ. "ಹೌದು ಮಾರಾಯ್ತಿ. ಪೇರೋಲ್ ಟ್ಯಾಕ್ಸ್, ವಿಕ್ಟೋರಿಯಾ ಫೋರ್ ಪಾಯಿಂಟ್ ಏಯ್ಟ್ ಫೈವ್. ಇಲ್ಲಿ ಫೈವ್ ಪಾಯಿಂಟ್ ಫೋರ್ ಫೈವ್. ಸರ್ಕಾರದ ವೆಬ್‌ಸೈಟಲ್ಲೇ ಉಂಟು."

ಭವ್ಯಶ್ರೀ ಬಗ್ಗಿ ನೋಡಿದಳು. ಅವಳು ಮಂಡ್ಯದವಳು. ಅವಳು ಬಂದ ಮೇಲೆ ಈ ಮನೆಯಲ್ಲಿ ತುಳು ಹಿಂದೆ ಸರಿದು ಕನ್ನಡವೇ ಓಡಾಡುತ್ತಿತ್ತು. "ಕೆಳಗೆ ಓದ್ರೀ. ಏಳು ಲಕ್ಷದ ಐವತ್ತು ಸಾವಿರದವರೆಗೆ ಟ್ಯಾಕ್ಸ್ ಇಲ್ಲ ಅಂತಿದೆ ಸಿಡ್ನಿಲಿ. ಹಂಗಾದ್ರೆ ನಮ್ಗೆ ಟ್ಯಾಕ್ಸೇ ಇಲ್ವಲ್ಲ! ಹದಿನೈದು ದಿನಕ್ಕೊಂದ್ಸಲ ನಿಮ್ಮ ಪೇಸ್ಲಿಪ್ಪಲ್ಲಿ ಕಟ್ ಆಗೋ ದುಡ್ಡು ಯಾವ ಹುಂಡಿಗೆ ಹೋಗ್ತಿದೆ?"

"ಅದು ಬೇರೆ ಇರ್ಬಹುದು."

"ವಿಕ್ಟೋರಿಯಾದಲ್ಲಿ ಐದು ಲಕ್ಷದ ಎಪ್ಪತ್ತೈದು ಸಾವಿರದವರೆಗೆ ಇಲ್ಲ. ಅಂದ್ರೆ ಮಿತಿ ಸಿಡ್ನಿಲೇ ಜಾಸ್ತಿ, ರೇಟೂ ಸಿಡ್ನಿಲೇ ಜಾಸ್ತಿ. ಯಾವ್ದು ಲಾಭ ಇದ್ರಲ್ಲಿ? ಇದು ನಮ್ಮ ಟ್ಯಾಕ್ಸ್ ಅಲ್ಲ ಅನ್ಸತ್ತೆ ಕಣ್ರೀ."

"ನಿಂಗೆ ಗೊತ್ತುಂಟಾ?"

"ಗೊತ್ತಿಲ್ಲ. ನಿಮ್ಗೂ ಗೊತ್ತಿಲ್ಲ. ಪಂಚಾಕ್ಷರಯ್ಯ ಅಂಕಲ್ಲನ್ನ ಕೇಳಿ."

ಪಂಚಾಕ್ಷರಯ್ಯ ಅವರ ಟ್ಯಾಕ್ಸ್ ಏಜೆಂಟ್. "ಅವರ ಆಫೀಸಿನ ಮೆಟ್ಟಿಲು ಹತ್ತಿದ್ರೆ ನೂರೈವತ್ತು ಡಾಲರ್," ಎಂದ ಯಾದವ. "ವೆಬ್‌ಸೈಟ್ ಇರುವಾಗ ಅವರೆಂತಕ್ಕೆ?"

"ಡ್ಯಾಡ್, ಇನ್ಕಮ್ ಟ್ಯಾಕ್ಸ್ ಈಸ್ ಫೆಡರಲ್," ಎಂದಳು ಚೆನ್ನು ತಟ್ಟೆಯಿಂದ ತಲೆ ಎತ್ತದೆ. "ವಿ ಡಿಡ್ ಇಟ್ ಇನ್ ಕ್ಲಾಸ್."

"ಮೊದ್ಲು ಆ ಬೆಂಡೆಕಾಯಿ ತಿನ್ನು," ಎಂದ ಅವಳಪ್ಪ.

ಯಾದವನ ಲೆಕ್ಕ ಪೂರ್ತಿ ಹುಚ್ಚು ಲೆಕ್ಕವೇನೂ ಆಗಿರಲಿಲ್ಲ. ಜುಲೈ ಒಂದರಿಂದ ವಿಕ್ಟೋರಿಯಾದಲ್ಲಿ ಮೊದಲ ಮನೆ ಕೊಳ್ಳುವವರಿಗೆ ಆರು ಲಕ್ಷ ಡಾಲರಿನವರೆಗೆ ಸ್ಟಾಂಪ್ ಡ್ಯೂಟಿ ಇಲ್ಲ ಎಂದು ಸುದ್ದಿ ಬಂದಿತ್ತು. ಸಿಡ್ನಿಯಲ್ಲೂ ಹೊಸದಾಗಿ ಕಟ್ಟಿದ ಮನೆಗೆ ಐದೂವರೆ ಲಕ್ಷದವರೆಗೆ ಮಾಫಿ ಇತ್ತು. ಆದರೆ ಆ ಬೆಲೆಗೆ ಗಿರಾವೀನ್‌ನಲ್ಲಿ ಹಿತ್ತಲಿರುವ ಮನೆ ಎಲ್ಲಿ ಸಿಗುತ್ತದೆ? ವೆರಿಬೀಯಲ್ಲಿ ಐದು ಲಕ್ಷಕ್ಕೆ ನಾಲ್ಕು ರೂಮಿನ ಮನೆ ಇತ್ತು. ಸಂಬಳ ಏಳು ಸಾವಿರ ಕಡಿಮೆಯಾಗುವುದೊಂದೇ ಅಡ್ಡಿ. ಪೇರೋಲ್ ಟ್ಯಾಕ್ಸೇ ಕಡಿಮೆಯಾದರೆ ಗೋಪೀನಾಥ ಹೇಳಿದ ಬ್ರಾಕೆಟ್ಟೂ ಅಲ್ಲಿ ಕಡಿಮೆಯೇ ಇರಬೇಕು, ಎರಡೂ ಸೇರಿ ಅದನ್ನು ತುಂಬಿಕೊಡುತ್ತವೆ ಎಂದಾದರೆ ಅಡ್ಡಿಯೂ ಇಲ್ಲ.

ಭವ್ಯಶ್ರೀಗೆ ಬೇರೆ ಅಡ್ಡಿಯಿತ್ತು. ನಾಲ್ಕು ವರ್ಷ ವೃದ್ಧಾಶ್ರಮಗಳಲ್ಲಿ ರಾತ್ರಿಪಾಳಿ ಮಾಡಿ, ಮತ್ತೆ ಓದಿ ಪರೀಕ್ಷೆ ಕಟ್ಟಿ, ಆ ಫೆಬ್ರವರಿಯಲ್ಲಷ್ಟೇ ಅವಳು ಒಂದು ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಪರ್ಮನೆಂಟ್ ನರ್ಸ್ ಆಗಿದ್ದಳು.

"ನಾನು ಬರಲ್ಲ," ಎಂದಳು ಅಕ್ಕಿ ತೊಳೆಯುತ್ತಾ. "ಈ ಕೆಲ್ಸ ಬಿಟ್ರೆ ನಂಗೆ ಮತ್ತೆ ಕರೆದ ದಿನ ಮಾತ್ರ ಹೋಗೋ ಕ್ಯಾಶುವಲ್ ಕೆಲ್ಸದಿಂದ ಶುರು."

"ಮೊದ್ಲು ನಾನೊಬ್ಬ ಹೋಗ್ತೇನೆ. ಆರು ತಿಂಗಳು. ಮನೆ ನೋಡಿ, ಆಮೇಲೆ ನೀನು ಅಲ್ಲಿ ಟ್ರೈ ಮಾಡು."

"ಒಂಬತ್ತು ವರ್ಷ ಒಂದೇ ಕಂಪನಿಲಿ ದುಡಿದಿದ್ದೀರಾ. ಇನ್ನೆಂಟು ತಿಂಗಳಿದ್ರೆ ಲಾಂಗ್ ಸರ್ವಿಸ್ ಲೀವ್ ಅಂತ ಸಂಬಳದ ರಜೆ ಸಿಗತ್ತೆ. ಎರಡು ತಿಂಗಳು ಊರಿಗೆ ಹೋಗೋಣ ಅಂತಿದ್ರಿ."

"ರಜೆಗೋಸ್ಕರ ಬಾಡಿಗೆ ಮನೆಯಲ್ಲೇ ಇರುದಾ?"

ಭವ್ಯಶ್ರೀ ಅಕ್ಕಿಯ ನೀರನ್ನು ಜೋರಾಗಿ ಸಿಂಕಿಗೆ ಚೆಲ್ಲಿದಳು. "ಅತ್ತೆ, ನೀವಾದ್ರೂ ಹೇಳಿ."

ಜಲಜಾ ಶುಂಠಿ ಸಿಪ್ಪೆ ಕೆರೆಯುತ್ತಾ, "ನಂಗೆ ಈ ಟ್ಯಾಕ್ಸಿನ ವಿಷಯ ಎಂತ ಗೊತ್ತಾಗ್ತದೆ ಮಗಾ," ಎಂದಳು.

ಯಾದವ ಮೇ ಕೊನೆಯ ಬುಧವಾರ ರಾಜೀನಾಮೆ ಕೊಡುವುದೆಂದು ನಿಶ್ಚಯಿಸಿದ. ಮಂಗಳವಾರ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ರೋಶನ್ ಫೋನ್ ಮಾಡಿದ. ಜಲಜಾ ಬಟ್ಟೆ ಮಡಚುತ್ತಿದ್ದಳು.

"ಅಮ್ಮ, ಅಣ್ಣ ಫೋನ್ ತೆಗೀತಾ ಇಲ್ಲ. ಒಂದು ಅರ್ಜೆಂಟ್ ವಿಷಯ ಹೇಳ್ತೀಯಾ? ಆ ಪೇರೋಲ್ ಟ್ಯಾಕ್ಸ್ ಉಂಟಲ್ಲ, ಅದು ನಮ್ಮ ಸಂಬಳದಿಂದ ಹಿಡಿಯುದಲ್ಲಂತೆ. ನಮ್ಮ ಅಕೌಂಟ್ಸಿನ ಸರಸ್ವತಿ ಅಕ್ಕ ಹೇಳಿದ್ರು. ಕೆಲಸಕ್ಕೆ ಜನ ಇಟ್ಟದ್ದಕ್ಕೆ ಬಾಸ್ ತನ್ನ ಕಿಸೆಯಿಂದ ಸರ್ಕಾರಕ್ಕೆ ಕಟ್ಟುವಂಥದ್ದು ಅದು. ನಮ್ಮ ಟ್ಯಾಕ್ಸ್ ಎಲ್ಲ ಕಡೆ ಒಂದೇ. ಅಣ್ಣ ಇಲ್ಲಿಗೆ ಬಂದ್ರೆ ಅವನಿಗೆ ಸಂಬಳ ಕಡಿಮೆಯೇ ಆಗ್ತದೆ. ಇನ್ನೊಮ್ಮೆ ಯೋಚನೆ ಮಾಡ್ಲಿಕ್ಕೆ ಹೇಳು."

"ಬಾಸ್ ಕಟ್ಟುದಾ?"

"ಹೌದು."

"ಸಂಬಳದ ಟ್ಯಾಕ್ಸ್ ಅಂತ ನೀನೇ ಹೇಳಿದ್ದಲ್ವಾ?"

"ಸಂಬಳದ್ದೇ. ಆದ್ರೆ ಸಂಬಳ ಕೊಡುವವ ಕಟ್ಟುದು, ತಗೊಳ್ಳುವವ ಅಲ್ಲ. ಬಂದ್ರೆ ಒಳ್ಳೇದೇ ಅಮ್ಮ. ರೂಮು ಹೇಗೂ ಖಾಲಿ ಉಂಟು. ನನಗೂ ಒಂದು ಜನ ಆಗ್ತದೆ. ಆದ್ರೆ ಗೊತ್ತಿದ್ದು ಬರ್ಲಿ."

ಫೋನ್ ಇಟ್ಟ ಮೇಲೆ ಜಲಜಾ ಒಂದೇ ಟವೆಲನ್ನು ಮೂರು ಸಲ ಮಡಚಿದಳು. ಕೊಡುವವ ಕಟ್ಟುವುದು, ತೆಗೆದುಕೊಳ್ಳುವವ ಅಲ್ಲ. ಎಲ್ಲ ಕಡೆ ಒಂದೇ. ಹಾಗಾದರೆ ಗೋಪೀನಾಥ ಹೇಳಿದ ಮೆಟ್ಟಿಲು? ವೆಬ್‌ಸೈಟಿನಲ್ಲಿ ಯಾದವ ಓದಿದ್ದು? ರೋಶನ್ ಮೊದಲು ಒಂದು ಹೇಳಿದ, ಈಗ ಇನ್ನೊಂದು ಹೇಳುತ್ತಾನೆ, ನಾಳೆ ಮತ್ತೊಂದು ಹೇಳಿದರೆ? ತನಗೆ ಸರಿಯಾಗಿ ಅರ್ಥವಾಗಿಲ್ಲ ಎಂದುಕೊಂಡಳು. ಅರ್ಥವಾಗದ್ದನ್ನು ಹೋಗಿ ಹೇಳಿದರೆ ಇನ್ನಷ್ಟು ಗೊಂದಲ. ಹೀಗೆ ಯೋಚಿಸುವಾಗ, ‘ನನಗೂ ಒಂದು ಜನ ಆಗ್ತದೆ’ ಎಂಬ ಮಾತೊಂದು ಮಾತ್ರ ಯಾವ ಗೊಂದಲವೂ ಇಲ್ಲದೆ ಕಿವಿಯಲ್ಲಿ ಉಳಿಯಿತು.

ಸಂಜೆ ಯಾದವ ಬೂಟು ಬಿಚ್ಚುತ್ತಾ ಕೇಳಿದ: "ರೋಶನ್‌ದು ಮಿಸ್ಡ್ ಕಾಲ್ ಉಂಟು. ನಿಂಗೆ ಮಾಡಿದ್ನಾ?"

"ಮಾಡಿದ್ದ."

"ಎಂತ ಅಂತೆ?"

"ರೂಮು ಖಾಲಿ ಉಂಟಂತೆ," ಎಂದಳು ಜಲಜಾ. "ನೀನು ಬಂದ್ರೆ ಒಳ್ಳೇದಂತೆ."

ಮರುದಿನ ಯಾದವ ರಾಜೀನಾಮೆ ಕೊಟ್ಟ. ಎರಡು ದಿನ ಬಿಟ್ಟು ರೋಶನ್ ಕೇಳಿದ, "ಅಣ್ಣನಿಗೆ ಹೇಳಿದ್ಯಾ ಅಮ್ಮ?" "ಹೇಳಿದೆ," ಎಂದಳು. "ಮನೆ ಅಗ್ಗಕ್ಕೆ ಸಿಗ್ತದಲ್ವಾ, ಅದಕ್ಕೆ ಬರ್ತಾನಂತೆ." ರೋಶನ್ ಖುಷಿಯಾಗಿ ನಕ್ಕ. ಅವನು ಹಾಗೆ ನಗುವುದನ್ನು ಕೇಳಿ ಬಹಳ ದಿನವಾಗಿತ್ತು.

ಜೂನ್ ಕೊನೆಯ ವಾರ ಯಾದವ ತನ್ನ ಟೂಲ್ ಬಾಕ್ಸು, ಎರಡು ಸೂಟ್‌ಕೇಸು, ಜಲಜಾ ಹುರಿದು ಕೊಟ್ಟ ಮಸಾಲೆ ಪುಡಿಗಳನ್ನು ಕಾರಿಗೆ ತುಂಬಿಕೊಂಡು ಹೊರಟ. ಆಮೇಲಿನ ಒಂದು ವಾರದಲ್ಲೇ ಜಲಜಾಳಿಗೆ ಆ ಮನೆ ಯಾವ ಯಾವ ಕೈಗಳ ಮೇಲೆ ನಿಂತಿತ್ತೆಂದು ಕಾಣಿಸಿತು. ಭವ್ಯಶ್ರೀ ಐದಕ್ಕೇ ಎದ್ದು ಬಸ್ಸು ಹಿಡಿಯುತ್ತಿದ್ದಳು, ಏಕೆಂದರೆ ಕಾರು ಮೆಲ್ಬರ್ನಿಗೆ ಹೋಗಿತ್ತು. ಕಸದ ಬಿನ್ ಹೊರಗಿಡುವ ದಿನ ಯಾವುದೆಂದು ಇಬ್ಬರಿಗೂ ನೆನಪಿರಲಿಲ್ಲ. ಚೆನ್ನುವಿನ ಈಜು ಕ್ಲಾಸು ನಿಂತಿತು.

"ಇಟ್ಸ್ ಫೈನ್, ಅಜ್ಜಿ," ಎಂದಳು ಚೆನ್ನು. ಅವಳಿಗೆ ಅದು ಫೈನ್ ಅಲ್ಲವೆಂದು ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೂ ತಿಳಿಯುತ್ತಿತ್ತು.

ಒಂದು ಸಂಜೆ ಭವ್ಯಶ್ರೀ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಾ, "ಮನೆ ತಗೊಳ್ಳೋದು ಒಳ್ಳೇದೇ ಅತ್ತೆ. ನಾನೇ ಸ್ವಾರ್ಥಿ ಆಗ್ಬಿಟ್ನೇನೋ," ಎಂದಳು. ಜಲಜಾ ಬಾಯಿ ತೆರೆದಳು. ಇಸ್ತ್ರಿಪೆಟ್ಟಿಗೆ ಬುಸ್ಸೆಂದು ಹಬೆ ಬಿಟ್ಟಿತು. ಬಾಯಿ ಮುಚ್ಚಿಕೊಂಡಳು.

ಜುಲೈಯಲ್ಲಿ ಶಾಲೆಗೆ ಎರಡು ವಾರ ರಜೆ ಸಿಕ್ಕಿದಾಗ ಜಲಜಾ ಚೆನ್ನುವನ್ನು ಕರೆದುಕೊಂಡು ವಿಮಾನದಲ್ಲಿ ಮೆಲ್ಬರ್ನಿಗೆ ಹೋದಳು. ವೆರಿಬೀಯಲ್ಲಿ ಗಾಳಿ ಚರ್ಮ ಸುಲಿಯುವ ಹಾಗೆ ಬೀಸುತ್ತಿತ್ತು. ರೋಶನ್ ಮನೆಯ ಹಾಲಿನಲ್ಲಿ ಆ ನೀಲಿ ಕಂಬಳಿ ಇರಲಿಲ್ಲ. ಅಣ್ಣ ಬಂದ ಮೇಲೆ ಅವನು ರೂಮಿನಲ್ಲಿ ಮಲಗತೊಡಗಿದ್ದ. ಅಣ್ಣತಮ್ಮ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿ ಒಂದೇ ಕಾರಿನಲ್ಲಿ ಬರುತ್ತಿದ್ದರು. ಜಲಜಾ ನೀರುದೋಸೆ ಹೊಯ್ದಂತೆ ಹೊಯ್ದಂತೆ ಇಬ್ಬರೂ ಒಲೆಯ ಬಳಿಯೇ ನಿಂತು ತಿಂದರು. ನಾಲ್ಕು ದಿನ ಅವಳಿಗೆ ತಾನು ಮಾಡಿದ್ದೇ ಸರಿ ಅನ್ನಿಸಿತು. ಯಾವ ಟ್ಯಾಕ್ಸ್ ಎಲ್ಲಿಗೆ ಹೋದರೇನು, ಮಕ್ಕಳು ಒಂದು ಕಡೆ ಇದ್ದಾರಲ್ಲ.

ಶುಕ್ರವಾರ ಯಾದವನ ಮೊದಲ ಪೇಸ್ಲಿಪ್ ಬಂತು.

ಅವನು ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಪಕ್ಕದಲ್ಲಿ ಹಳೆಯ ಕಂಪನಿಯದನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ನೋಡಿದ. ಹದಿನೈದು ದಿನಕ್ಕೆ ಕೈಗೆ ಬಂದದ್ದು ಸಿಡ್ನಿಗಿಂತ ನೂರೆಪ್ಪತ್ತಕ್ಕೂ ಹೆಚ್ಚು ಡಾಲರ್ ಕಡಿಮೆ.

"ಇವರು ಲೆಕ್ಕ ತಪ್ಪಿದ್ದಾರೆ. ಸಿಡ್ನಿಯ ರೇಟಲ್ಲೇ ಟ್ಯಾಕ್ಸ್ ಹಿಡಿದಿದ್ದಾರೆ."

ರೋಶನ್ ಸಾರು ಕಲಸುತ್ತಿದ್ದವನು ತಲೆ ಎತ್ತಿದ. ಅಣ್ಣನ ಮಾತು ಅವನಿಗೆ ಅರ್ಥವಾಗಿರಲಿಲ್ಲ. "ಸಿಡ್ನಿ ರೇಟು ಅಂದ್ರೆ? ಒಂದೇ ಅಲ್ವಾ ಅಣ್ಣ?"

"ಒಂದೇ ಆಗಿದ್ರೆ ನಾನು ಎಂತಕ್ಕೆ ಬರ್ತಿದ್ದೆ?" ಯಾದವ ಆಗಲೇ ಪಂಚಾಕ್ಷರಯ್ಯನ ನಂಬರ್ ಒತ್ತಿದ್ದ. ಸ್ಪೀಕರಿನಲ್ಲಿ ಮುದುಕನ ನಿಧಾನದ ದನಿ ಕೇಳಿತು.

"ಯಾದವ ಅವ್ರೇ, ಈ ದೇಶದಲ್ಲಿ ಸಂಬಳದ ಮೇಲಿನ ಇನ್ಕಮ್ ಟ್ಯಾಕ್ಸ್ ಕ್ಯಾನ್‌ಬೆರಾದ ಸರ್ಕಾರದ್ದು. ನೀವು ಸಿಡ್ನೀಲಿರಿ, ಮೆಲ್ಬರ್ನಲ್ಲಿರಿ, ಡಾರ್ವಿನ್ನಲ್ಲಿರಿ, ಬ್ರಾಕೆಟ್ ಒಂದೇ. ಸ್ಟೇಟ್ ಬದಲಾದ್ರೆ ಬದಲಾಗೋದು ಬೇರೆ. ಮನೆ ತಗೊಂಡ್ರೆ ಸ್ಟಾಂಪ್ ಡ್ಯೂಟಿ, ಜಮೀನಿದ್ರೆ ಲ್ಯಾಂಡ್ ಟ್ಯಾಕ್ಸ್, ನೀವೇ ಕಂಪನಿ ಇಟ್ಟು ಹತ್ತು ಜನಕ್ಕೆ ಸಂಬಳ ಕೊಟ್ರೆ ಪೇರೋಲ್ ಟ್ಯಾಕ್ಸ್."

"ಪೇರೋಲ್ ಟ್ಯಾಕ್ಸ್ ನಾನು ಕಟ್ಟುದಲ್ವಾ?"

"ನಿಮ್ಮ ಧಣಿ ಕಟ್ಟೋದು. ಅಮೆರಿಕದ ಲೆಕ್ಕ ಯಾರಾದ್ರೂ ಹೇಳಿದ್ರಾ? ಹೋಗೋ ಮುಂಚೆ ಒಂದು ಫೋನ್ ಮಾಡಬಾರದಿತ್ತೇ? ಫೋನಲ್ಲಿ ಮಾತಾಡಿದ್ದಕ್ಕೆ ನಾನು ಫೀಸು ತಗೋಳಲ್ಲ."

ಫೋನ್ ಇಟ್ಟ ಮೇಲೆ ಯಾದವ ತಮ್ಮನ ಕಡೆ ತಿರುಗಿದ. "ಕಡಿಮೆ ಅಂತ ಹೇಳಿದ್ದು ನೀನು."

"ಹೇಳಿದ್ದೆ. ಆಮೇಲೆ ತಪ್ಪು ಅಂತಲೂ ಹೇಳಿದ್ದೆ."

"ಯಾವಾಗ?"

"ನೀನು ರಿಸೈನ್ ಮಾಡುವ ಹಿಂದಿನ ದಿನ. ನೀನು ಫೋನ್ ತೆಗೀಲಿಲ್ಲ, ಅಮ್ಮನ ಹತ್ರ ಹೇಳಿದೆ. ಅಮ್ಮ ಹೇಳಿದ್ರಲ್ಲ ನಿಂಗೆ? ಗೊತ್ತಿದ್ದೂ ಮನೆಗೋಸ್ಕರ ಬಂದದ್ದಲ್ವಾ ನೀನು?"

ಇಬ್ಬರೂ ಅಮ್ಮನನ್ನು ನೋಡಿದರು. ಜಲಜಾ ಅನ್ನದ ಸೌಟು ಹಿಡಿದು ನಿಂತಿದ್ದಳು. ಅವಳ ಬಳಿ ಒಂದು ಮಾತು ಸಿದ್ಧವಿತ್ತು: ನಂಗೆ ಈ ಟ್ಯಾಕ್ಸಿನ ವಿಷಯ ಎಂತ ಗೊತ್ತಾಗ್ತದೆ. ಅದನ್ನು ಹೇಳಿದರೆ ನಂಬುತ್ತಿದ್ದರು. ವಯಸ್ಸಾದವಳು, ಇಂಗ್ಲಿಷ್ ಬಾರದವಳು, ಮರೆತಿದ್ದಾಳೆ ಎಂದು ಬಿಟ್ಟುಬಿಡುತ್ತಿದ್ದರು. ಆದರೆ ಬಾಯಿಂದ ಹೊರಟದ್ದು ಬೇರೆಯೇ.

"ರೋಶನ್ ಹೇಳಿದ್ದ. ನಾನು ಹೇಳ್ಲಿಲ್ಲ."

"ಮರ್ತುಹೋಯ್ತಾ?" ಯಾದವ ಕೇಳಿದ. ಮರೆತುಹೋಗಿರಲಿ ಎಂದು ಬೇಡುವಂತಿತ್ತು ಅವನ ದನಿ.

"ಇಲ್ಲ."

"ಅರ್ಥ ಆಗ್ಲಿಲ್ವಾ?"

"ಅರ್ಧ ಅರ್ಥ ಆಗಿತ್ತು."

"ಯಾವ ಅರ್ಧ ಅಮ್ಮ?"

"ನೀನು ಬಂದ್ರೆ ನಿಂಗೆ ನಷ್ಟ ಅಂತ. ಅಷ್ಟು ಗೊತ್ತಾಗಿತ್ತು." ಸೌಟನ್ನು ಪಾತ್ರೆಯಲ್ಲಿಟ್ಟಳು. "ಇವ ಒಬ್ಬನೇ ಇದ್ದ. ಹಾಲಲ್ಲಿ ಮಲಗ್ತಿದ್ದ. ನೀನಿದ್ರೆ ಇವನಿಗೆ ಏನೂ ಆಗುದಿಲ್ಲ ಅಂತ ನಂಗೆ."

ಯಾದವ ಎದ್ದ. ಕೂಗಾಡುತ್ತಾನೆಂದು ಜಲಜಾ ಕಾದಳು. ಅವನು ಜಾಕೆಟ್ ಹಾಕಿಕೊಂಡು, "ಒಂಬತ್ತು ವರ್ಷ ಅಮ್ಮ," ಎಂದಷ್ಟೇ ಹೇಳಿ ಬಾಗಿಲು ತೆರೆದು ಹೊರಗೆ ಹೋದ. ಟಿವಿಯ ಮುಂದೆ ಕೂತಿದ್ದ ಚೆನ್ನು ರಿಮೋಟ್ ಹಿಡಿದು ದನಿ ತಗ್ಗಿಸಿದಳು.

ರೋಶನ್ ಮೇಜು ಬಿಟ್ಟು ಏಳಲಿಲ್ಲ. ಅಲ್ಲಿಂದಲೇ ಕೇಳಿದ: "ನಾನು ಒಬ್ಬ ಅಂತ ನಿಂಗೆ ಬೇಜಾರಾದ್ರೆ ನೀನು ಬರ್ಬಹುದಿತ್ತಲ್ಲಾ? ಆರು ತಿಂಗಳಾಯ್ತು ಈ ದೇಶಕ್ಕೆ ಬಂದು. ಅಣ್ಣನನ್ನು ಯಾಕೆ ಕಳಿಸಿದ್ದು?"

ಆ ಪ್ರಶ್ನೆ ತನಗೆ ಒಮ್ಮೆಯೂ ಹೊಳೆದಿರಲಿಲ್ಲ ಎಂಬುದೇ ಜಲಜಾಳಿಗೆ ದಿಗ್ಭ್ರಮೆ ಹುಟ್ಟಿಸಿತು. ಉತ್ತರವಿತ್ತು. ಈ ಮನೆಗೆ ಅವಳು ಹೆದರಿದ್ದಳು. ಹೆಂಡತಿ ಬಿಟ್ಟುಹೋದ ಮಗನ ಎದುರು ದಿನವಿಡೀ ಕೂತು ಏನು ಮಾತಾಡುವುದೆಂದು ತಿಳಿಯದೆ ಹೆದರಿದ್ದಳು. ತಟ್ಟೆಗಳನ್ನು ಎತ್ತಿಕೊಂಡು ಸಿಂಕಿನ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಅವಳೇ ಭವ್ಯಶ್ರೀಗೆ ಫೋನ್ ಮಾಡಿದಳು. ಗಂಡನ ಬಾಯಿಂದ ಕೇಳುವ ಮೊದಲು ತನ್ನ ಬಾಯಿಂದ ಕೇಳಲಿ ಎಂದು. ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಬಸ್ಸಿನ ಸದ್ದು ಮಾತ್ರ ಕೇಳಿಸುತ್ತಿತ್ತು.

"ಭವ್ಯಾ?"

"ಇದ್ದೀನಿ ಅತ್ತೆ. ಅವತ್ತು ನಾನು ಸ್ವಾರ್ಥಿ ಅಂದಾಗ ನೀವು ಎದುರಿಗೇ ಕೂತಿದ್ರಿ."

"ಹೌದು."

"ಈಗ ನಾನೇನೂ ಹೇಳಲ್ಲ. ಹೇಳಿದ್ರೆ ಕೆಟ್ಟದಾಗಿ ಹೇಳ್ಬಿಡ್ತೀನಿ. ನನ್ನ ಸ್ಟಾಪ್ ಬಂತು."

ಮೂರು ದಿನ ಅವಳ ಫೋನು ಯಾದವನಿಗೆ, ಚೆನ್ನುವಿಗೆ ಬರುತ್ತಿತ್ತು. ಅತ್ತೆಯ ಕೈಗೆ ಬರುತ್ತಿರಲಿಲ್ಲ. ಯಾದವ ತಾಯಿ ಹಾಕಿದ್ದನ್ನು ತಿಂದು, ಕೇಳಿದ್ದಕ್ಕೆ ಹ್ಞೂಂ ಎಂದು, ಉಳಿದ ಹೊತ್ತೆಲ್ಲ ಫೋನಿನಲ್ಲಿ ಕೆಲಸ ಹುಡುಕುತ್ತಿದ್ದ. ಹಳೆಯ ಕಂಪನಿಯವರು ಅವನ ಜಾಗಕ್ಕೆ ಆಗಲೇ ಬೇರೆಯವನನ್ನು ತೆಗೆದುಕೊಂಡಿದ್ದರು. ಕೊನೆಗೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನ ಹೊಸ ಮನೆಗಳಿಗೆ ಏಸಿ ಕೂರಿಸುವ ಕಾಂಟ್ರಾಕ್ಟರ್ ಒಬ್ಬ ಒಪ್ಪಿದ. ದಿನಗೂಲಿಯ ಹಾಗೆ ಗಂಟೆಯ ಲೆಕ್ಕ. ರಜೆ ಇಲ್ಲ, ಕಾಯಿಲೆ ಬಿದ್ದರೆ ಸಂಬಳವಿಲ್ಲ. ಆದರೆ ಮುಂಜಾನೆ ಶುರುವಾಗಿ ಚೆನ್ನುವಿನ ಶಾಲೆ ಬಿಡುವ ಹೊತ್ತಿಗೆ ಮುಗಿಯುತ್ತಿತ್ತು.

ಅಂದು ಸಂಜೆ ಭವ್ಯಶ್ರೀ ಅತ್ತೆಯನ್ನು ಕೇಳಿ ಫೋನಿಗೆ ಕರೆಸಿದಳು. "ಅವ್ರು ಭಾನುವಾರ ಹೊರಡ್ತಾರೆ. ಚೆನ್ನುಗೆ ಮಂಗಳವಾರ ಸ್ಕೂಲು. ನೀವು?"

"ನೀನು ಹೇಳಿದ ಹಾಗೆ ಮಗಾ."

"ಅದನ್ನೂ ನಾನೇ ಹೇಳ್ಬೇಕಾ ಅತ್ತೆ?" ಭವ್ಯಶ್ರೀಯ ದನಿಯಲ್ಲಿ ಕೋಪಕ್ಕಿಂತ ದಣಿವಿತ್ತು. "ನಿಮ್ಗೆ ಏನು ಬೇಕು ಅಂತ ಒಂದ್ಸಲ ನೇರವಾಗಿ ಹೇಳಿ. ಸಿಟ್ಟು ಬಂದ್ರೂ ಸರಿ, ಗೊತ್ತಾಗತ್ತೆ."

ಜಲಜಾ ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದಳು. ರೋಶನ್ ಹಿತ್ತಲಿನಲ್ಲಿ ಚೆನ್ನುವಿನ ಜೊತೆ ಚೆಂಡು ಎಸೆಯುತ್ತಿದ್ದ. "ನಾನು ಇಲ್ಲೇ ಇರ್ತೇನೆ," ಎಂದಳು. "ವೀಸಾ ಮುಗಿಯುವವರೆಗೆ."

"ಚೆನ್ನು ನಿಮ್ಮನ್ನ ಕೇಳ್ತಾಳೆ."

"ನೀನು?"

"ನನಗಿನ್ನೂ ಸ್ವಲ್ಪ ದಿನ ಬೇಕು," ಎಂದಳು ಭವ್ಯಶ್ರೀ. "ಡಿಸೆಂಬರಲ್ಲಿ ಬನ್ನಿ. ಇಬ್ರೂ ಬನ್ನಿ."

ಭಾನುವಾರ ಯಾದವ ಕಾರಿಗೆ ಟೂಲ್ ಬಾಕ್ಸ್ ಏರಿಸಿದ. ಚೆನ್ನು ಮುಂದಿನ ಸೀಟಿಗಾಗಿ ಜಗಳ ಮಾಡಿ ಸೋತು ಹಿಂದೆ ಕೂತಳು. ಜಲಜಾ ದಾರಿಗೆಂದು ಚಪಾತಿಯ ಡಬ್ಬಿ ಕೊಟ್ಟಳು. ಯಾದವ ಅದನ್ನು ತೆಗೆದುಕೊಂಡು ಮುಂದಿನ ಸೀಟಿನ ಮೇಲಿಟ್ಟ.

"ಬೈಯ್ಯಿ ಮಗಾ, ಬೈದು ಹೋಗು."

"ಬೈದ್ರೆ ನನ್ನ ರಜೆ ವಾಪಸ್ ಬರ್ತದಾ?" ಎಂದ. ಆಮೇಲೆ ಅವಳ ಶಾಲನ್ನು ಕತ್ತಿನವರೆಗೆ ಎಳೆದು ಸರಿಮಾಡಿದ. "ಇಲ್ಲಿ ಚಳಿ ಜಾಸ್ತಿ. ಹೀಟರ್ ಹಾಕು. ಕರೆಂಟ್ ಬಿಲ್ಲಿಗೆ ಹೆದರಿ ಕೂರ್ಬೇಡ."

ಕಾರು ತಿರುವಿನಲ್ಲಿ ಮರೆಯಾಯಿತು. ರೋಶನ್ ಕೈಗಳನ್ನು ಜೇಬಿನಲ್ಲಿಟ್ಟು ಪಕ್ಕದಲ್ಲಿ ನಿಂತಿದ್ದ. ಇಬ್ಬರಿಗೂ ಒಳಗೆ ಹೋಗಲು ತೋಚಲಿಲ್ಲ. ಅವಳು ಹೆದರಿದ್ದ ಗಳಿಗೆ ಇದೇ ಆಗಿತ್ತು, ಮಗನ ಪಕ್ಕದಲ್ಲಿ ಹೇಳಲು ಏನೂ ಇಲ್ಲದೆ ನಿಲ್ಲುವುದು.

"ಮಧ್ಯಾಹ್ನಕ್ಕೆ ಎಂತ ಮಾಡ್ಲಿ?" ಎಂದು ಕೊನೆಗೆ ಕೇಳಿದಳು. "ನಿಂಗೆ ಈಗ ಎಂತ ಇಷ್ಟ?"

ರೋಶನ್‌ನನ್ನು ಹಾಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ.

"ಗೊತ್ತಿಲ್ಲ ಅಮ್ಮ," ಎಂದ. "ನಿಜವಾಗ್ಲೂ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದಳು ಜಲಜಾ. "ಬಾ, ಒಳಗೆ ಎಂತ ಉಂಟು ನೋಡುವ."